ದುಬೈಯಲ್ಲೊಬ್ಬ ಗಂಡ, ಬದಿಯಡ್ಕದಲ್ಲೊಬ್ಬ

ಪ್ರಶ್ನೆ: ನಾನೊಂದು ವೈಜ್ಞಾನಿಕ ಕಥೆ ಬರೆಯುತ್ತಿದ್ದೇನೆ. ದುಬೈಯಲ್ಲಿ ದುಡಿಯುವವನೊಬ್ಬ ಯಂತ್ರದೊಳಗೆ ನಿಲ್ಲುತ್ತಾನೆ. ಯಂತ್ರ ಅವನ ದೇಹದ ಕಣಕಣವನ್ನೂ ಓದಿ, ಇಲ್ಲಿ ಮನೆಯಲ್ಲಿ ಅವನನ್ನೇ ಹೊಸದಾಗಿ ಕಟ್ಟುತ್ತದೆ. ಅಲ್ಲಿನ ದೇಹ ಅಳಿಯಬೇಕಿತ್ತು, ಅಳಿಯಲಿಲ್ಲ. ಇದನ್ನು ಕ್ಲೋನಿಂಗ್ ಎನ್ನಬಹುದೇ? ಹೆಂಡತಿಗೆ ನಿಜವಾದ ಗಂಡ ಯಾರು?
– ಓದುಗರು, ಬದಿಯಡ್ಕ

ಉತ್ತರ: ಕ್ಲೋನಿಂಗ್ ಎನ್ನಬೇಡಿ. ಕ್ಲೋನ್ ನೋಡಬೇಕಿದ್ದರೆ ತೋಟಕ್ಕೆ ಹೋಗಿ. ಒಂದೇ ಒಳ್ಳೆಮೆಣಸಿನ ಬಳ್ಳಿಯಿಂದ ತುಂಡು ಕತ್ತರಿಸಿ ಅಡಿಕೆ ಮರಗಳಿಗೆ ಹಬ್ಬಿಸಿದ್ದೆಲ್ಲ ಕ್ಲೋನ್‌ಗಳೇ. ವಂಶವಾಹಿ ಒಂದೇ ಆದರೂ ನೆರಳಿನ ಬಳ್ಳಿ, ಬಿಸಿಲಿನ ಬಳ್ಳಿ ಒಂದೇ ಥರ ಫಸಲು ಕೊಡುವುದಿಲ್ಲ. 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಆರು ವರ್ಷದ ಕುರಿಯ ಜೀವಕೋಶದಿಂದ ಪಡೆದ ಡಾಲಿಯೂ ಮರಿಯಾಗಿಯೇ ಹುಟ್ಟಿತು. ಮನುಷ್ಯನ ಕ್ಲೋನ್ ಆದರೂ ತಡವಾಗಿ ಹುಟ್ಟಿದ ಅವಳಿ, ಅಷ್ಟೇ. ನಿಮ್ಮ ಕಥೆಯವನಾದರೋ ಮದುವೆಯ ದಿನದ ನೆನಪನ್ನೂ ಹೊತ್ತು ಬಂದವನು.

ಒಂದು ತಿದ್ದುಪಡಿ. ಅಜ್ಞಾತ ಕ್ವಾಂಟಂ ಸ್ಥಿತಿಯೊಂದನ್ನು, ಅಂದರೆ ಅತಿಸೂಕ್ಷ್ಮ ಕಣವೊಂದರ ನಮಗೆ ತಿಳಿಯದ ಸ್ಥಿತಿಯನ್ನು, ಯಥಾವತ್ತಾಗಿ ನಕಲು ಮಾಡಲಾಗದೆಂದು 1982ರಲ್ಲೇ ಸಾಬೀತಾಗಿದೆ. ‘ಕಣಕಣವನ್ನೂ’ ಎನ್ನುವ ಬದಲು ‘ಜೀವಕೋಶಗಳ ಜೋಡಣೆಯನ್ನು’ ಎಂದು ಬರೆಯಿರಿ.

ಇನ್ನು ಗಂಡನ ವಿಷಯ. ನಮ್ಮ ಕಡೆ ಯಕ್ಷಗಾನದ ಆಟ ನೋಡಿದವರಿಗೆ ದಮಯಂತಿಯ ಸ್ವಯಂವರದ ಐವರು ನಳರು ಗೊತ್ತು. ಇಂದ್ರ, ಅಗ್ನಿ, ವರುಣ, ಯಮ ನಾಲ್ವರೂ ನಳನ ರೂಪ ತಾಳಿ ಕುಳಿತಿದ್ದಾರೆ. ದೇವತೆಗಳು ಬೆವರುವುದಿಲ್ಲ, ರೆಪ್ಪೆ ಬಡಿಯುವುದಿಲ್ಲ, ಅವರಿಗೆ ನೆರಳಿಲ್ಲ, ಕಾಲು ನೆಲಕ್ಕೆ ತಾಗುವುದಿಲ್ಲ. ದಮಯಂತಿ ಹಾಗೆ ಗುರುತು ಹಿಡಿದಳು. ನಿಮ್ಮ ನಾಯಕಿಗೆ ಆ ದಾರಿಯಿಲ್ಲ, ಇಬ್ಬರೂ ಬೆವರುವವರೇ. ನನ್ನನ್ನು ಹೆಚ್ಚು ಕಾಡುವುದು ಬೇರೊಂದು: ಆ ನಾಲ್ವರಿಗೆ ತಾವು ನಳನಲ್ಲ ಎಂದು ಗೊತ್ತಿತ್ತು. ಮನೆಗೆ ಬಂದ ಈ ಮನುಷ್ಯನಿಗೆ ಗೊತ್ತಿಲ್ಲ. ಅವನು ವೇಷ ಹಾಕಿದವನಲ್ಲ. ದಯವಿಟ್ಟು ಅವನನ್ನು ಖಳನಾಗಿಸಬೇಡಿ.

ಬ್ರಿಟಿಷ್ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರಲ್ಲಿ ಇಂಥದೇ ಯಂತ್ರವನ್ನು ಕಲ್ಪಿಸಿ, ‘ಅದು ನಾನೇ ಹೌದೋ ಅಲ್ಲವೋ’ ಎಂಬುದಕ್ಕಿಂತ ನೆನಪು, ಸ್ವಭಾವಗಳು ಮುಂದುವರಿಯುವುದೇ ಮುಖ್ಯ ಎಂದು ವಾದಿಸಿದ. ನಾನು ಅವನನ್ನು ಅರ್ಧ ಒಪ್ಪುತ್ತೇನೆ. ಪಾಸ್‌ಪೋರ್ಟು, ಜಾಗದ ಆಧಾರಪತ್ರ ದುಬೈಯವನಿಗೇ ಇರಲಿ. ಕಡಿಯದೆ ಮುಂದುವರಿದ ದೇಹ ಅವನದು. ಆದರೆ ಹೆಂಡತಿಗೆ ಕೊಟ್ಟ ಮಾತು ಇಬ್ಬರಿಗೂ ನೆನಪಿದೆ, ಇಬ್ಬರೂ ಅದಕ್ಕೆ ಬದ್ಧರು. ಒಂದು ತಿಂಗಳು ಕಳೆಯಲಿ. ಅವಳಿಗೆ ಜ್ವರ ಬಂದಾಗ ಗಂಜಿ ಬೇಯಿಸಿ ಕೊಟ್ಟವನು ಇಲ್ಲಿಯವನು. ದುಬೈಯವನಿಗೆ ಆ ರಾತ್ರಿ ಗೊತ್ತೇ ಇಲ್ಲ. ಫೋನಿನಲ್ಲಿ ಅವನು ‘ಹೇಗಿದ್ದೀ?’ ಎಂದು ಕೇಳುವಾಗ ಇಲ್ಲಿಯವನು ಪಕ್ಕದಲ್ಲೇ ನಿಂತು ತನ್ನದೇ ದನಿಯನ್ನು ಕೇಳಿಸಿಕೊಳ್ಳುತ್ತಾನೆ. ಕಥೆಯನ್ನು ನಾನಾದರೆ ಅಲ್ಲಿಂದ ಶುರು ಮಾಡುತ್ತಿದ್ದೆ.