ಭಾನುವಾರದ ಆ ಫೋನ್ ಎತ್ತಿ

ಅಮ್ಮ ತೀರಿಕೊಂಡು ಹತ್ತು ತಿಂಗಳಾಗಿದೆ. ವರ್ಷ ತುಂಬುವ ದಿನಕ್ಕೆ ನಿಮ್ಮ ಅಣ್ಣ ಸ್ಮರಣ ಪುಸ್ತಕ ತರಲು ಹೊರಟಿದ್ದಾರೆ. ಅದಕ್ಕೆ ಎರಡು ಪುಟ ಬರೆದುಕೊಡುವುದು ನಿಮ್ಮ ಪಾಲಿನ ಕೆಲಸ. ಬರೆದದ್ದನ್ನೆಲ್ಲ ಹರಿದು ಹಾಕುತ್ತಿದ್ದೀರಿ. ‘ತ್ಯಾಗಮಯಿ, ಕರುಣಾಮಯಿ ಎಂದು ಬರೆಯುತ್ತೇನೆ. ಓದಿದರೆ ಯಾರದೋ ಅಮ್ಮ ಎನಿಸುತ್ತದೆ. ನನ್ನ ಪ್ರೀತಿಯೇ ಸಾಲದಾಯಿತೇ?’ ಎಂದು ಕೇಳಿದ್ದೀರಿ.

ಈ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನ್ನ ಅಮ್ಮ ಹೋದಾಗ ನಾನೂ ಇವೇ ಮಾತುಗಳನ್ನು ಬರೆದು ಅಚ್ಚು ಹಾಕಿಸಿದ್ದೆ. ಆ ಪುಟ ತೆರೆಯಲು ಇಂದಿಗೂ ಮನಸ್ಸಾಗುವುದಿಲ್ಲ.

ನಿಮ್ಮ ಪ್ರೀತಿಗೆ ಏನೂ ಕೊರತೆಯಿಲ್ಲ. ಅಮೆರಿಕದ ಅನ್ನಾ ಜಾರ್ವಿಸ್ ತಾಯಿಯನ್ನು ಕಳೆದುಕೊಂಡದ್ದು 1905ರಲ್ಲಿ. ಆ ತಾಯಿಯ ನೆನಪಿಗೆಂದು 1908ರಲ್ಲಿ ಆಕೆ ಶುರು ಮಾಡಿದ್ದೇ ಇಂದಿನ ಅಮ್ಮಂದಿರ ದಿನ. ಆದರೆ ಆ ಹೆಸರು ಬಹುವಚನದಲ್ಲಿ ಇರಕೂಡದು, ‘ತಾಯಿಯ ದಿನ’ ಎಂದು ಏಕವಚನದಲ್ಲೇ ಇರಬೇಕು ಎಂದು ಆಕೆ ಹಟ ಹಿಡಿದರು. ಪ್ರತಿಯೊಬ್ಬರೂ ನೆನೆಯಬೇಕಾದದ್ದು ತಮ್ಮ ಒಬ್ಬ ತಾಯಿಯನ್ನು. ಅಚ್ಚಾದ ಶುಭಾಶಯ ಪತ್ರಗಳನ್ನು ಕಂಡರೂ ಆಕೆಗೆ ಆಗುತ್ತಿರಲಿಲ್ಲ. ನಿಮ್ಮ ಕೈ ಕಾಗದ ಹರಿಯುತ್ತಿರುವುದೂ ಅದೇ ಕಾರಣಕ್ಕೆ. ‘ತ್ಯಾಗಮಯಿ’ ಬಹುವಚನದ ಮಾತು. ಹರಿದದ್ದು ಸರಿಯಾಗಿದೆ.

ಏಕವಚನದ ಅಮ್ಮ ನಿಮ್ಮ ಪತ್ರದಲ್ಲಿ ಒಂದೇ ಕಡೆ ಕಾಣಿಸುತ್ತಾರೆ. ಓದುವಾಗ ಅವರ ತುಟಿ ಅಲ್ಲಾಡುತ್ತಿತ್ತು, ನೀವು ನೋಡಿದಿರೆಂದರೆ ಥಟ್ಟನೆ ಪುಸ್ತಕ ಮುಚ್ಚಿಬಿಡುತ್ತಿದ್ದರು ಎಂದು ಬರೆದಿದ್ದೀರಿ. ಯಾಕೆ ಮುಚ್ಚುತ್ತಿದ್ದರು? ಯಾರಾದರೂ ನಕ್ಕಿದ್ದರೇ? ಓದು ಅರ್ಧಕ್ಕೆ ನಿಂತಿತ್ತೇ? ನಿಮಗೆ ಗೊತ್ತಿಲ್ಲ. ಗೊತ್ತಿರುವ ಸಾಧ್ಯತೆಯೂ ಕಡಿಮೆ. ಅಮ್ಮನಿಗೆ 61, ನಿಮಗೆ 34. ನೀವು ಹುಟ್ಟುವ ಮುಂಚೆ ಅವರು 27 ವರ್ಷ ಬದುಕಿದ್ದರು, ಯಾರದೋ ಮಗಳಾಗಿ, ಯಾರದೋ ಅಕ್ಕನಾಗಿ.

ಇಲ್ಲಿಗೆ ಬಂದೆ. ಪತ್ರದ ಕೊನೆಯಲ್ಲಿ, ಮರೆತಿದ್ದೊಂದು ನೆನಪಾಯಿತು ಎಂಬಂತೆ, ಒಂದು ಸಾಲು ಸೇರಿಸಿದ್ದೀರಿ: ‘ಚಿಕ್ಕಮ್ಮ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ, ಅಮ್ಮನ ಮಾತೆತ್ತಿ ಅಳುತ್ತಾರೆ, ಅದಕ್ಕೆ ನಾನು ಎತ್ತುವುದಿಲ್ಲ. ಎತ್ತಬೇಡ ಎಂದು ನನ್ನ ಗಂಡನೂ ಹೇಳಿದ್ದಾರೆ.’

ತಂಗಿಯೇ, ನೀವು ಎರಡು ಪುಟಕ್ಕಾಗಿ ತಡಕಾಡುತ್ತಿದ್ದೀರಿ, ಆ 27 ವರ್ಷಗಳು ವಾರಕ್ಕೊಮ್ಮೆ ತಾವಾಗಿಯೇ ನಿಮಗೆ ಫೋನ್ ಮಾಡುತ್ತಿವೆ!

ನಿಮ್ಮ ಗಂಡನ ಮೇಲೆ ನನಗೆ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಹೆಂಡತಿ ಅಳುವುದನ್ನು ನೋಡಲಾಗದೆ ಹೇಳಿದ ಮಾತೇ ಇರಬಹುದು. ಆದರೆ ಅಳು ಕಾಯಿಲೆಯಲ್ಲ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಸತ್ತವರ ಹೆಸರು ಮನೆಯಲ್ಲಿ ಗಟ್ಟಿಯಾಗಿ ಕೇಳಿಸಬೇಕು, ಇದನ್ನೂ ಬರೆಯುತ್ತಲೇ ಬಂದಿದ್ದೇನೆ. ನಿಮ್ಮ ಅಣ್ಣನದು ದೊಡ್ಡ ತಪ್ಪೇನಲ್ಲ. ಪುಸ್ತಕ ಎರಡು ತಿಂಗಳು ತಡವಾಗಲಿ, ಅಷ್ಟೇ.

ನನ್ನ ಕನಿಕರವೆಲ್ಲ ಆ ಚಿಕ್ಕಮ್ಮನ ಕಡೆಗಿದೆ. ನೀವು 34 ವರ್ಷ ಜೊತೆಗಿದ್ದ ಅಮ್ಮನನ್ನು ಕಳೆದುಕೊಂಡಿರಿ. ಅವರು ಕಣ್ಣು ಬಿಟ್ಟಂದಿನಿಂದ ಜೊತೆಗಿದ್ದ ಅಕ್ಕನನ್ನು ಕಳೆದುಕೊಂಡಿದ್ದಾರೆ. ಆ ಅಕ್ಕನ ಬಗ್ಗೆ ಮಾತನಾಡಲು ಅವರಿಗೆ ಉಳಿದಿರುವುದು ನಿಮ್ಮ ನಂಬರ್. ಈಗ ಅದೂ ಸುಮ್ಮನೆ ರಿಂಗಾಗಿ ನಿಲ್ಲುತ್ತಿದೆ.

ನಿಮ್ಮಿಂದ ನಾನು ಕೇಳುವುದು ಒಂದೇ. ಈ ಭಾನುವಾರ ಫೋನ್ ಎತ್ತಿ. ಅವರು ಅತ್ತರೆ ಅಳಲಿ, ನಿಮಗೂ ಅಳು ಬಂದರೆ ಅತ್ತುಬಿಡಿ. ಉಸಿರು ತಹಬಂದಿಗೆ ಬಂದ ಮೇಲೆ ಕೇಳಿ: ‘ಚಿಕ್ಕಮ್ಮ, ಓದುವಾಗ ಅಮ್ಮನ ತುಟಿ ಯಾಕೆ ಅಲ್ಲಾಡುತ್ತಿತ್ತು?’ ಪಕ್ಕದಲ್ಲಿ ಪೆನ್ನು, ಕಾಗದ ಇರಲಿ.