ಮ್ಯುವಾನ್ ಲೆಕ್ಕ: ಕಾಲ ಹಿಗ್ಗುತ್ತದೋ, ದೂರ ಕುಗ್ಗುತ್ತದೋ?

ಸಾಪೇಕ್ಷತೆಯ ಲೆಕ್ಕಗಳು ಪದೇ ಪದೇ ತಪ್ಪುತ್ತಿವೆ, ಕೋಚಿಂಗ್ ಸೇರಲೋ ಸೂತ್ರ ಬಾಯಿಪಾಠ ಮಾಡಲೋ ಅಂತ ಕೇಳಿದ್ದೀರಿ. ನನಗೆ ಸೂತ್ರಗಳೆಲ್ಲ ಬಾಯಿಗೆ ಬರುತ್ತಿದ್ದವು. ಆದರೂ ಎಂಎಸ್ಸಿ ಸೀಟು ಒಂದೇ ಒಂದು ಲೆಕ್ಕಕ್ಕೆ ಕೈತಪ್ಪಿತು.

ಪ್ರವೇಶ ಪರೀಕ್ಷೆಯಲ್ಲಿ ಬಂದ ಲೆಕ್ಕ ಇದು. ಮ್ಯುವಾನ್ ಅಂದರೆ ಎಲೆಕ್ಟ್ರಾನ್ ಥರದ್ದೇ, ಆದರೆ ಹೆಚ್ಚು ತೂಕದ, ಬೇಗ ನಶಿಸುವ ಕಣ. 6 ಕಿ.ಮೀ. ಎತ್ತರದಲ್ಲಿ ಹುಟ್ಟಿದ ಮ್ಯುವಾನ್‌ಗಳು ಬೆಳಕಿನ ವೇಗದ 0.995 ಪಟ್ಟು ವೇಗದಲ್ಲಿ ಕೆಳಗಿಳಿಯುತ್ತಿವೆ. ಅವುಗಳ ಸರಾಸರಿ ಆಯಸ್ಸು 2.2 ಮೈಕ್ರೋಸೆಕೆಂಡ್. ನೆಲಕ್ಕೆ ಎಷ್ಟು ಪಾಲು ತಲುಪುತ್ತವೆ?

ಈ ವೇಗಕ್ಕೆ ಗಾಮಾ, ಅಂದರೆ ಕಾಲ ಎಷ್ಟು ಪಟ್ಟು ಹಿಗ್ಗುತ್ತದೆ, ದೂರ ಎಷ್ಟು ಪಟ್ಟು ಕುಗ್ಗುತ್ತದೆ ಅನ್ನುವ ಸಂಖ್ಯೆ, ಸುಮಾರು 10. ಕಾಲ ಹಿಗ್ಗುತ್ತದೆ, ಆಯಸ್ಸು 22 ಮೈಕ್ರೋಸೆಕೆಂಡ್ ಅಂತ ಬರೆದೆ. ಸರಿ. ದೂರ ಕುಗ್ಗುತ್ತದೆ, 6 ಕಿ.ಮೀ. ಅಲ್ಲ 600 ಮೀಟರ್ ಅಂತ ಬರೆದೆ. ಅದೂ ಸರಿಯೇ. ಆಮೇಲೆ ಎರಡನ್ನೂ ಒಂದೇ ಸಾಲಿಗೆ ತಂದೆ. 600 ಮೀಟರ್ ದಾಟಲು 2 ಮೈಕ್ರೋಸೆಕೆಂಡ್, ಆಯಸ್ಸು 22, ಹಾಗಾದರೆ ಶೇ. 91 ಉಳಿಯುತ್ತವೆ. ಆಯ್ಕೆಗಳಲ್ಲಿ 91 ಇತ್ತು. ಖುಷಿಯಿಂದ ಗುರುತು ಹಾಕಿದೆ.

ಸರಿಯುತ್ತರ ಶೇ. 40.

ತಪ್ಪು ಎಲ್ಲಾಯಿತು ನೋಡಿ. 22 ಮೈಕ್ರೋಸೆಕೆಂಡ್ ಎಣಿಸುವುದು ನೆಲದ ಮೇಲಿರುವ ಗಡಿಯಾರ. ಆ ಗಡಿಯಾರ ಹಿಡಿದವರಿಗೆ ದೂರ ಪೂರ್ತಿ 6 ಕಿ.ಮೀ. ಇದೆ, ಒಂದಿಷ್ಟೂ ಕುಗ್ಗಿಲ್ಲ. ಅದನ್ನು ದಾಟಲು 20 ಮೈಕ್ರೋಸೆಕೆಂಡ್ ಬೇಕು. 600 ಮೀಟರ್ ಮ್ಯುವಾನ್‌ನ ಅಳತೆ. ಅದರ ಪಾಲಿಗೆ ತಾನು ನಿಂತಲ್ಲೇ ನಿಂತಿದೆ, ನೆಲವೇ ಎದುರಿನಿಂದ ನುಗ್ಗಿ ಬರುತ್ತಿದೆ. ಅದರ ಆಯಸ್ಸು ಬರೀ 2.2. ಒಂದು ಕಡೆ 22ರಲ್ಲಿ 20, ಇನ್ನೊಂದು ಕಡೆ 2.2ರಲ್ಲಿ 2. ಎರಡೂ ಒಂದೇ ಅನುಪಾತ, ಅಲ್ವಾ? ಸುಮಾರು 0.91. ಉಳಿಯುವ ಪಾಲು e⁻⁰·⁹¹, ಅಂದರೆ ಶೇ. 40. ನಾನು ನೆಲದ ಗಡಿಯಾರ ತಗೊಂಡೆ, ಮ್ಯುವಾನ್‌ನ ಅಳತೆಕೋಲು ತಗೊಂಡೆ. ಹಾಗೆ ಅಳೆಯುವವರು ಲೋಕದಲ್ಲಿ ಯಾರೂ ಇಲ್ಲ. ಒಂದೇ ಪರಿಣಾಮಕ್ಕೆ ಎರಡು ಸಲ ಲೆಕ್ಕ ಕಟ್ಟಿದ್ದೆ.

ಎರಡು ಅಂಕಕ್ಕೆ ಸೀಟು ಹೋಯಿತು. ಒಂದು ವರ್ಷ ಊರಲ್ಲೇ ಇದ್ದು ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳಿದೆ. ಆಗ ಒಬ್ಬ ಹುಡುಗಿ, "ಸರ್, ಈ 6 ಕಿಲೋಮೀಟರ್ ಯಾರ ಪ್ರಕಾರ?" ಅಂತ ಕೇಳಿದಳು. ಮೂರು ವರ್ಷ ಬಿಎಸ್ಸಿ ಓದಿದ ನಾನು ಆ ಪ್ರಶ್ನೆ ಒಮ್ಮೆಯೂ ಕೇಳಿರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಕೋಚಿಂಗೂ ಬೇಡ, ಬಾಯಿಪಾಠವೂ ಬೇಡ. "ಕಾಲ ಹಿಗ್ಗುವುದು, ದೂರ ಕುಗ್ಗುವುದು, ಎರಡರಲ್ಲಿ ಯಾವುದು ನಿಜ" ಅಂತ ಬೇರೆ ಕೇಳಿದ್ದೀರಿ. ಆ ಪ್ರಶ್ನೆಯನ್ನೇ ಬಿಡಿ. ಹಾಳೆಯ ನಡುವೆ ಒಂದು ಗೆರೆ ಎಳೆಯಿರಿ. ಎಡಕ್ಕೆ ನೆಲ, ಬಲಕ್ಕೆ ಮ್ಯುವಾನ್. ಪ್ರತಿ ಸಂಖ್ಯೆ ಬರೆಯುವ ಮುಂಚೆ ಅದು ಯಾರದ್ದು ಅಂತ ಕೇಳಿಕೊಳ್ಳಿ. ಗೆರೆಯ ಎರಡೂ ಕಡೆ ಹಾಗೇ ಬರೆಯಬಹುದಾದದ್ದು ಬೆಳಕಿನ ವೇಗ, ಇವರಿಬ್ಬರ ನಡುವಿನ ವೇಗವಾದ 0.995, ಮತ್ತು ಅದರಿಂದ ಬರುವ ಗಾಮಾ, ಅಷ್ಟೇ.

ಇವತ್ತೇ ಒಂದು ನಿಜವಾದ ಲೆಕ್ಕ ಮಾಡಿ ನೋಡಿ. 1963ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಭೌತವಿಜ್ಞಾನಿಗಳಾದ ಫ್ರಿಷ್ ಮತ್ತು ಸ್ಮಿತ್ ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದ ಮೇಲೆ ಗಂಟೆಗೆ ಸುಮಾರು 560 ಮ್ಯುವಾನ್ ಎಣಿಸಿದರು. 1,907 ಮೀಟರ್ ಕೆಳಗೆ, ಸಮುದ್ರ ಮಟ್ಟದಲ್ಲಿ, ಸುಮಾರು 410 ಸಿಕ್ಕವು. ಕಾಲ ಹಿಗ್ಗದಿದ್ದರೆ 30ರ ಆಸುಪಾಸು ಸಿಗಬೇಕಿತ್ತು. ಗಾಮಾ 10 ಅಂತಲೇ ಇಟ್ಟುಕೊಂಡು ಎರಡೂ ಕಡೆ ಬರೆಯಿರಿ. ಪ್ರಯಾಣದ ಕಾಲವನ್ನು ಆಯಸ್ಸಿನಿಂದ ಭಾಗಿಸಿದರೆ ಎಡಕ್ಕೂ ಬಲಕ್ಕೂ 0.29 ಬರಬೇಕು. ಬರದಿದ್ದರೆ ಯಾವುದೋ ಸಂಖ್ಯೆ ಗೆರೆ ದಾಟಿದೆ, ಹುಡುಕಿ.