ಸೋಮವಾರಪೇಟೆಯ ಅತ್ತೆಯ ಜ್ವರದ ಬಗ್ಗೆ
ಅತ್ತೆಗೆ 70 ವರ್ಷ, ನಿನ್ನೆ ಸಂಜೆಯಿಂದ ಜ್ವರ, ಮೈಕೈ ನೋವು, ಮನೆಯಲ್ಲಿ ಉಳಿದಿರುವ ಆಂಟಿಬಯೋಟಿಕ್ ಕೊಡಬಹುದಾ ಎಂದು ಕೇಳಿದ್ದೀರಿ. ಬೇಡ. ಲಕ್ಷಣ ನೋಡಿದರೆ ಇದು ಫ್ಲೂ ಇರಬಹುದು. ಫ್ಲೂ ವೈರಸ್ಸಿನಿಂದ ಬರುತ್ತದೆ, ಆ ಮಾತ್ರೆ ಅದಕ್ಕೆ ನಾಟುವುದೇ ಇಲ್ಲ.

ನೆಗಡಿ ಮೆಲ್ಲಗೆ ಏರುತ್ತದೆ, ಫ್ಲೂ ಹಾಗಲ್ಲ. ಹೋದ ಮಳೆಗಾಲದಲ್ಲಿ ಬೆಳಿಗ್ಗೆ ಕಾಫಿ ತೋಟಕ್ಕೆ ಹೋದ ನಾನು, ಮಧ್ಯಾಹ್ನ ಗಂಬೂಟು ಬಿಚ್ಚಲೂ ಆಗದೆ ಜಗಲಿಯಲ್ಲೇ ಮಲಗಿಬಿಟ್ಟಿದ್ದೆ!

ಇವತ್ತೇ ಡಾಕ್ಟರಿಗೆ ತೋರಿಸಿ. 65 ದಾಟಿದವರಿಗೆ ಅಪಾಯ ಜಾಸ್ತಿ ಅಲ್ವಾ? ಫ್ಲೂ ವೈರಸ್ಸಿಗೆಂದೇ ಡಾಕ್ಟರು ಬರೆದುಕೊಡುವ ಒಸೆಲ್ಟಾಮಿವಿರ್ ಮಾತ್ರೆಯನ್ನು ಮೊದಲ 48 ಗಂಟೆಯೊಳಗೆ ಶುರು ಮಾಡಿದರೆ ಹೆಚ್ಚು ಉಪಯೋಗ. ಗದ್ದೆಯ ಕೆಸರಿಗೆ ಇಳಿದಿದ್ದರೆ ಅದನ್ನೂ ಹೇಳಿ, ಇಲಿಜ್ವರವೂ ಹೀಗೇ ಶುರುವಾಗುತ್ತದೆ. ಕರಿಮೆಣಸಿನ ಕಷಾಯ ಗಂಟಲಿಗೆ ಹಿತ, ಅಷ್ಟೇ. ಉಸಿರು ಕಟ್ಟಿದರೆ, ಮಾತು ಗೊಂದಲವಾದರೆ ಸುಮ್ನೆ ಕಾಯಬೇಡಿ, ಆಸ್ಪತ್ರೆಗೆ ಹೊರಡಿ.

ಫ್ಲೂ ಲಸಿಕೆ ವರ್ಷವರ್ಷವೂ ಬೇಕು. ಫಲ ಕೊಡಲು ಸುಮಾರು 2 ವಾರ ಹಿಡಿಯುತ್ತದೆ, ಹಾಗಾಗಿ ಮುಂದಿನ ಸಲ ಮೇ ತಿಂಗಳಲ್ಲೇ ಹಾಕಿಸಿ.